ನಾನು ಹುಟ್ಟಿದ ದಿನದ ಸಂಜೆಯ ವಾರ್ತೆ

ರೇಡಿಯೋ ಕೇಂದ್ರದ ಹಿಂಬೀದಿ, ಮೇಲಿನ ಮನೆ
ಸೋಮವಾರ, ಜೂನ್ ೯

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿನೋವು ಇಳಿಯಿತೇ? ಹೋದ ಸಲ ಕಳಿಸಿದ ಮುಲಾಮು ನೀನು ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಚಿಕ್ಕಪ್ಪನ ಬೆನ್ನಿಗೆ ಬೇಕಾಗುತ್ತದೆ ಅಂತ ಎತ್ತಿಟ್ಟಿದ್ದೀಯೋ? ಎತ್ತಿಟ್ಟೇ ಇರುತ್ತೀಯ, ನಿನ್ನನ್ನು ನಾನು ಕಾಣೆನೇ. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಅಳಿಯಂದಿರಿಗೆ ಕೆಮ್ಮು ವಾಸಿಯಾಗಿದೆ. ಮೊಮ್ಮಗ ನನ್ನ ಹೆಗಲು ದಾಟಿದ್ದಾನೆ, ಬಾಗಿಲು ಹಾಕುವಾಗಲೆಲ್ಲ ಮನೆ ಅದುರುವ ಹಾಗೆ ಹಾಕುತ್ತಾನೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಅಂದುಕೊಳ್ಳುತ್ತೀಯ. ನೀನಿರುವ ಮನೆಯ ಫೋನು ನಡುಮನೆಯಲ್ಲಿದೆ. ನೀನು ಮಾತಾಡತೊಡಗಿದರೆ ಚಿಕ್ಕಪ್ಪ ಟಿ.ವಿ. ಸದ್ದು ಕಡಿಮೆ ಮಾಡಿ ಕೂರುತ್ತಾರೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕನ್ನಡಕ ಹಾಕಿಕೊಂಡು ನೀನೇ ಓದು, ಚಿಕ್ಕಮ್ಮನ ಕೈಯಲ್ಲಿ ಓದಿಸಬೇಡ.

ನಮ್ಮ ಕೇಂದ್ರದಲ್ಲಿ ಹಳೆಯ ಟೇಪುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸುವ ಕೆಲಸ ನಡೆಯುತ್ತಿದೆ. ಅದನ್ನು ನೋಡಿಕೊಳ್ಳುವವರನ್ನು ನಾವು ಟೇಪಣ್ಣ ಅನ್ನುತ್ತೇವೆ. ನಿವೃತ್ತಿಗೆ ಹತ್ತಿರದ ಮನುಷ್ಯ, ಟೇಪಿನ ಧೂಳು ಕುಡಿದು ಕುಡಿದು ಗಂಟಲೇ ಕರಕರ. ಯಾರ ಹುಟ್ಟುಹಬ್ಬ ಬಂದರೂ ಅವರನ್ನು ಕೂರಿಸಿ, ಅವರು ಹುಟ್ಟಿದ ದಿನದ ವಾರ್ತೆ ಹುಡುಕಿ ಕೇಳಿಸುತ್ತಾರೆ. ಅದೊಂದು ಮೋಜು. ನಾನು ಇಷ್ಟು ವರ್ಷ ನನ್ನ ದಿನ ಯಾವುದು ಅಂತ ಯಾರಿಗೂ ಹೇಳಿರಲಿಲ್ಲ. ಹುಟ್ಟುಹಬ್ಬ ಅಂದರೆ ನನಗೆ ಆಗುವುದಿಲ್ಲ, ಅದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ದಿನ ಬಂತೆಂದರೆ ಅಜ್ಜಿ ಮೂಲೆ ಹಿಡಿದು ಕೂರುತ್ತಿದ್ದಳು. ನಾನು ಎದುರಿಗೆ ಸುಳಿದರೆ ಮುಖ ತಿರುಗಿಸಿ, "ಅಪ್ಪನ್ನ ನುಂಗ್ಕೊಂಡು ಹುಟ್ಟಿದವಳು" ಅನ್ನುತ್ತಿದ್ದಳು. ಆದರೆ ಈ ಸಲ ಆಫೀಸಿಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಅದು ಹೇಗೋ ಪತ್ತೆ ಹಚ್ಚಿ ಎಲ್ಲರಿಗೂ ಸಾರಿಬಿಟ್ಟಳು. ಬೇಡ ಬೇಡ ಅಂದರೂ ಬಿಡದೆ ಟೇಪಣ್ಣನ ಕೋಣೆಗೆ ಎಳೆದುಕೊಂಡು ಹೋದರು.

ಸಂಜೆಯ ವಾರ್ತೆ ಸಿಕ್ಕಿತ್ತು. ಓದಿದವರ ಧ್ವನಿ ಇಸ್ತ್ರಿ ಹಾಕಿದ ಹಾಗಿತ್ತು. ಎಲ್ಲೋ ಎರಡು ದೇಶಗಳು ಯುದ್ಧ ನಿಲ್ಲಿಸಲು ಒಪ್ಪಿಕೊಂಡಿದ್ದವು. ಕುರಿಗಳನ್ನು ತುಂಬಿಕೊಂಡ ಹಡಗೊಂದು ಯಾವ ಬಂದರಿನಲ್ಲೂ ಜಾಗ ಸಿಗದೆ ಸಮುದ್ರದಲ್ಲೇ ನಿಂತಿತ್ತು. ಒಬ್ಬಾಕೆ ಓಟದಲ್ಲಿ ದಾಖಲೆ ಮುರಿದು ಬರಿಗಾಲಲ್ಲೇ ಮೈದಾನ ಸುತ್ತಿದ್ದಳು. "ಆ ಹಡಗಿನ ಕುರಿ ನೀವೇ ಇರ್ಬೇಕು ಮೇಡಂ" ಅಂತ ಆ ಹುಡುಗಿ ಕೀಟಲೆ ಮಾಡಿದಳು. ನಾನೂ ನಕ್ಕೆ. ನಾನು ಹುಟ್ಟಿದ ದಿನ ನಮ್ಮ ಮನೆಯ ಸಾವು ಬಿಟ್ಟು ಬೇರೆಯದೂ ನಡೆದಿತ್ತು ಅನ್ನುವುದೇ ನನಗೆ ಹೊಸದಾಗಿತ್ತು. ಕೇಳುತ್ತ ಕೇಳುತ್ತ ಮೈ ಹಗುರವಾಗುತ್ತಿತ್ತು. ಅಷ್ಟರಲ್ಲಿ ಸ್ಥಳೀಯ ಸುದ್ದಿ ಬಂತು. ಅದನ್ನು ಇದ್ದ ಹಾಗೇ ಬರೆಯುತ್ತೇನೆ, ಬಾಯಿಪಾಠವಾಗಿದೆ: "ಇಂದು ಬೆಳಿಗ್ಗೆ ಸಾಬೂನು ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು ಕಾರ್ಮಿಕರೊಬ್ಬರು ಮೃತಪಟ್ಟಿದ್ದಾರೆ. ಹಲವರು ಗಾಯಗೊಂಡಿದ್ದಾರೆ. ಮೃತರ ಪತ್ನಿ ತುಂಬು ಗರ್ಭಿಣಿ ಎಂದು ತಿಳಿದುಬಂದಿದೆ."

ತುಂಬು ಗರ್ಭಿಣಿ. ಸಂಜೆಯ ವಾರ್ತೆಯಲ್ಲಿ, ಅಮ್ಮಾ. ಅದನ್ನು ಓದುವ ಹೊತ್ತಿಗೆ ಅಪ್ಪ ಹೋಗಿ ಇಡೀ ಹಗಲು ಕಳೆದಿತ್ತು. ನಾನು ಇನ್ನೂ ನಿನ್ನ ಹೊಟ್ಟೆಯಲ್ಲೇ ಇದ್ದೆ.

ನನಗೆ ತಿಳಿವಳಿಕೆ ಬಂದಾಗಿನಿಂದ ಆ ಮನೆಯಲ್ಲಿ ಕೇಳಿದ ಕಥೆ ಬೇರೆ. ನಾನು ಬೆಳಗಿನ ಜಾವ ಹುಟ್ಟಿದೆನಂತೆ. ಸುದ್ದಿ ಕೇಳಿ ಅಪ್ಪ ಬಾಯ್ಲರನ್ನು ಹಾಗೇ ಬಿಟ್ಟು ಆಸ್ಪತ್ರೆಗೆ ಹೊರಟರಂತೆ. ಗೇಟಿನ ತನಕ ಬಂದವರು ಒಳಗಿನ ಸದ್ದು ಕೇಳಿ ತಿರುಗಿ ಓಡಿದರಂತೆ. ನೋಡಿಕೊಳ್ಳುವವರಿಲ್ಲದೆ ಅದು ಸಿಡಿಯಿತಂತೆ. ನನ್ನ ಮುಖ ನೋಡುವ ಆಸೆಯೇ ಅವರ ಪ್ರಾಣ ತೆಗೆಯಿತಂತೆ. ಹೇಳಿ ಹೇಳಿ ಕಲ್ಲಿನಲ್ಲಿ ಕೊರೆದ ಹಾಗೆ ಮಾಡಿದ್ದರು. ಅದರ ಒಂದು ಮಾತೂ ನಿಜವಲ್ಲ.

ಸುದ್ದಿ ಅಲ್ಲಿಗೇ ಮುಗಿಯಲಿಲ್ಲ. ಗಾಯಗೊಂಡವರೊಬ್ಬರ ಮಾತನ್ನು ಆಸ್ಪತ್ರೆಯಲ್ಲೇ ಟೇಪು ಮಾಡಿಕೊಂಡು ಬಂದು ಕೇಳಿಸಿದ್ದರು. "ಒಂದು ತಿಂಗಳಿಂದ ಅವನು ಹೇಳ್ತಾನೇ ಇದ್ದ, ವಾಲ್ವ್ ಕಚ್ಕೊಂಡಿದೆ, ಬಾಯ್ಲರ್ ನಿಲ್ಸಿ ಅಂತ. ಮೇಲಿನವರು ಕಿವಿಗೇ ಹಾಕ್ಕೊಳ್ಳಲಿಲ್ಲ. ಇವತ್ತು ಮೀಟರ್ ಮುಳ್ಳು ಮೇಲಕ್ಕೆ ಹೋಗ್ತಿದ್ದ ಹಾಗೆ ನಮ್ಮನ್ನೆಲ್ಲ ಆಚೆಗೆ ತಳ್ಳಿದ. ಅವನು ಬರ್ಲಿಲ್ಲ." ಅಷ್ಟೇ. ಆಮೇಲೆ ಹವಾಮಾನ, ನಾಳೆ ಮೋಡ ಕವಿದ ವಾತಾವರಣ. ಕೋಣೆಯಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ. ನಾನು ಇನ್ನೊಂದು ಸಲ ಹಾಕಿ ಅಂದೆ. ಟೇಪಣ್ಣ ನನ್ನ ಮುಖ ನೋಡಿ ಮಿಕ್ಕವರನ್ನೆಲ್ಲ ಹೊರಗೆ ಕಳಿಸಿ, ಟೇಪನ್ನು ಮತ್ತೆ ಹಾಕಿದರು. ಆಮೇಲೆ ನಾನು ಎದ್ದು ಸ್ಟುಡಿಯೋಗೆ ಹೋಗಿ ನನ್ನ ಪಾಳಿಯ ವಾರ್ತೆ ಓದಿದೆ. ಎಲ್ಲಿಯದೋ ಒಂದು ಗಣಿಯಲ್ಲಿ ಮಣ್ಣು ಕುಸಿದು ಜನ ಸತ್ತ ಸುದ್ದಿ ಅದರಲ್ಲಿತ್ತು. ಒಂದು ಅಕ್ಷರ ತಡವರಿಸದೆ ಓದಿದೆ. ಅದಕ್ಕೂ ನನ್ನ ಮೇಲೇ ಸಿಟ್ಟು ಬಂತು.

ಟೇಪಿನ ಆ ಧ್ವನಿ ಯಾರದೆಂದು ನಿನಗೆ ಹೇಳಬೇಕಾಗಿಲ್ಲ, ನನಗೂ ಗುರುತು ಸಿಕ್ಕಿತು. ಸಣ್ಣವಳಿದ್ದಾಗ ಒಬ್ಬರು ನಮ್ಮ ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದರು, ಕೈಯೆಲ್ಲ ಸುಟ್ಟ ಗುರುತು. ಅಜ್ಜಿ ಪೊರಕೆ ಹಿಡಿದು ಅವರನ್ನು ಅಟ್ಟುತ್ತಿದ್ದಳು. ನಾನು ಸುಟ್ಟಮಾಮ ಅಂತ ಕರೆದಿದ್ದಕ್ಕೆ ನೀನು ನನ್ನ ಬಾಯಿಗೆ ಹೊಡೆದಿದ್ದೆ. ಬಸ್ ಡಿಪೋದ ಹತ್ತಿರ ಮಗಳ ಮನೆಯಲ್ಲಿದ್ದಾರೆ ಅಂತ ಕೇಳಿ ತಿಳಿದು, ಹೋದ ವಾರ ಹೋಗಿದ್ದೆ. ನಾನು ಯಾರೆಂದು ಹೇಳುವ ಮೊದಲೇ, "ಬಾಮ್ಮ, ಅವನದೇ ಹಣೆ" ಅಂದರು. ಅವರ ಬಾಯಿಂದಲೇ ಎಲ್ಲ ಕೇಳಿದೆ. ಅವರನ್ನು ಗಾಡಿಯಿಂದ ಇಳಿಸುವಾಗ ಆಸ್ಪತ್ರೆಯ ಬಾಗಿಲಲ್ಲಿ ನೀನು ಗೋಡೆ ಹಿಡಿದು ನಿಂತಿದ್ದೆಯಂತೆ, ಹೊಟ್ಟೆ ಹೊತ್ತುಕೊಂಡು. "ಅವರೆಲ್ಲಿ, ಅವರು ಯಾವ ಗಾಡೀಲಿ ಬರ್ತಾರೆ" ಅಂತ ಕೇಳಿದೆಯಂತೆ. ನಿನಗೆ ನೋವು ಶುರುವಾದದ್ದು ಆಮೇಲೆ. ನಾನು ಹುಟ್ಟಿದ್ದು ರಾತ್ರಿ. ನನ್ನಿಂದ ಅಪ್ಪ ಸಾಯಲಿಲ್ಲ. ಅಪ್ಪ ಸತ್ತ ಸುದ್ದಿಗೆ ನಾನು ಹುಟ್ಟಿದೆ.

ಕೆಲವು ದಿನಗಳ ಮೇಲೆ ಕಾರ್ಖಾನೆಯವರು ಮನೆಗೆ ಬಂದರಂತೆ. ಬಾಯ್ಲರಿನದೇನೂ ತಪ್ಪಿಲ್ಲ, ಅವನೇ ಕೆಲಸ ಬಿಟ್ಟು ಹೊರಟಿದ್ದ ಅಂತ ಮನೆಯವರು ಒಪ್ಪಿದರೆ ಅವನ ತಮ್ಮನಿಗೆ ಕೆಲಸ, ಇರಲು ಕಾರ್ಖಾನೆಯ ಮನೆ. ಒಪ್ಪದಿದ್ದರೆ ಕೋರ್ಟು. ಚಿಕ್ಕಪ್ಪ ಒಪ್ಪಿಕೊಂಡರು. ನಿನ್ನ ಹೆರಿಗೆ ಅನ್ನುವ ನೆಪ ಅವರಿಗೆ ಎಷ್ಟು ಚೆನ್ನಾಗಿ ಒದಗಿತು ನೋಡು, ಹುಟ್ಟಿದ ಹೊತ್ತನ್ನು ಒಂಚೂರು ಹಿಂದಕ್ಕೆ ಸರಿಸಿದರಾಯಿತು. ರೇಡಿಯೋದಲ್ಲಿ ನಿಜ ಹೇಳಿದ ತಪ್ಪಿಗೆ ಸುಟ್ಟಮಾಮನನ್ನು ಕೆಲಸದಿಂದ ತೆಗೆದರು. ಅವರು ನಿನ್ನ ಹತ್ತಿರ ಬಂದು, "ನೀನಾದ್ರೂ ಬಾಯಿ ಬಿಡು ತಾಯಿ" ಅಂದಾಗ ನೀನು, "ಇರೋವ್ರು ಬದುಕ್ಬೇಕಲ್ಲಣ್ಣ" ಅಂದೆಯಂತೆ. ಇದನ್ನು ಹೇಳುವಾಗ ಅವರಿಗೆ ನಿನ್ನ ಮೇಲೆ ಒಂದಿಷ್ಟೂ ಕೋಪವಿರಲಿಲ್ಲ. ನನಗಿದೆ.

ಅಮ್ಮಾ, ಆ ವಾರದ ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಹಸಿ ಬಾಣಂತಿ, ಇಪ್ಪತ್ತೆರಡು ತುಂಬದ ಹುಡುಗಿ, ತಲೆಯ ಮೇಲೊಂದು ಸೂರು ಬೇಕಿತ್ತು. ನಿನ್ನ ಜಾಗದಲ್ಲಿ ನಾನಿದ್ದರೂ ತಲೆ ಆಡಿಸುತ್ತಿದ್ದೆನೋ ಏನೋ. ಅಜ್ಜಿಗೂ ಅಷ್ಟೇ, ಮಗನನ್ನು ಕಳಕೊಂಡ ಸಂಕಟಕ್ಕೆ ಬಯ್ಯಲು ಒಂದು ಮುಖ ಬೇಕಿತ್ತು, ಮಾರನೆಯ ದಿನ ಊರಿಂದ ಬಂದಿಳಿದ ಅವಳಿಗೂ ಸುಳ್ಳನ್ನೇ ಉಣಿಸಿದ್ದರು. ನನ್ನ ಸಿಟ್ಟೆಲ್ಲ ಆಮೇಲಿನ ವರ್ಷಗಳ ಮೇಲೆ. ಚಿಕ್ಕಪ್ಪ ಮೊದಲ ಪಾಳಿಗೆ ಹೊರಡುವಾಗ ನಾನು ಎದುರು ಬರಬಾರದೆಂದು ನನ್ನನ್ನು ಬಚ್ಚಲುಮನೆಗೆ ಕಳಿಸಿ ಚಿಲಕ ಹಾಕುತ್ತಿದ್ದರಲ್ಲ, ಹಾಕುತ್ತಿದ್ದುದು ನಿನ್ನ ಕೈ. ಅವರ ಮದುವೆಯ ದಿನ ನನ್ನನ್ನು ಪಕ್ಕದ ಮನೆಯಲ್ಲಿ ಬಿಟ್ಟಿರಿ, ಕಿಟಕಿಯ ಸರಳು ಹಿಡಿದುಕೊಂಡು ನಮ್ಮ ಮನೆಯ ದೀಪಗಳನ್ನು ನೋಡುತ್ತ ಕೂತಿದ್ದೆ. ಅವರು ನಮ್ಮಪ್ಪನ ಕೆಲಸದಲ್ಲಿ ಕೂತು, ನಮ್ಮಪ್ಪನ ಸಾವಿನಿಂದ ಬಂದ ಮನೆಯಲ್ಲಿ ಉಂಡು, ನನ್ನನ್ನು ನೋಡಿ ಮುಖ ಕಿವುಚುತ್ತಿದ್ದರು. ನೀನು ಎಲ್ಲವನ್ನೂ ಬಲ್ಲವಳು, ತಟ್ಟೆ ತೊಳೆಯುತ್ತ ನಿಂತಿರುತ್ತಿದ್ದೆ. ಬೀದಿಗೆ ಬಂದು ಕೂಗು ಅಂತ ನಾನು ಕೇಳುತ್ತಿಲ್ಲ. ಒಂದು ಸಲ, ನನ್ನ ತಲೆ ಬಾಚುವಾಗ, ಕಿವಿಯಲ್ಲಿ "ನಿಂದೇನೂ ತಪ್ಪಿಲ್ಲ ಕಣೇ" ಅಂದಿದ್ದರೆ ಸಾಕಿತ್ತು. ಯಾರಿಗೂ ಹೇಳಬೇಡ ಅಂದಿದ್ದರೆ ಯಾರಿಗೂ ಹೇಳುತ್ತಿರಲಿಲ್ಲ.

ಅದರಿಂದ ನನಗೇನಾಯಿತು ಅಂತ ನಿನಗೆ ಗೊತ್ತೇ? ನಿನ್ನ ಮೊಮ್ಮಗ ಹುಟ್ಟಿದಾಗ ನಿನ್ನ ಅಳಿಯಂದಿರಿಗೆ ಸುದ್ದಿ ಕಳಿಸಬೇಡಿ ಅಂತ ನರ್ಸಿನ ಕಾಲು ಹಿಡಿದೆ. ಮಗುವಿನ ಮುಖ ನೋಡಲು ಓಡಿ ಬರುತ್ತಾರೆ, ದಾರಿಯಲ್ಲಿ ಏನಾದರೂ ಆಗುತ್ತದೆ ಅಂತ ಜೀವ ಹೊಡೆದುಕೊಳ್ಳುತ್ತಿತ್ತು. ಹಣ್ಣಿನ ಚೀಲ ಹಿಡಿದು ಅವರು ನಗುತ್ತ ವಾರ್ಡಿನ ಒಳಗೆ ಬಂದರೆ, ನಾನು ಸಂತೋಷಪಡುವುದು ಬಿಟ್ಟು ಎಲ್ಲೂ ಗಾಯವಾಗಿಲ್ಲ ತಾನೇ ಅಂತ ಅವರ ಮೈ ಕೈ ಮುಟ್ಟಿ ನೋಡಿದೆ. ಈಗಲೂ ಅದನ್ನು ಹೇಳಿಕೊಂಡು ಅವರು ನಗುತ್ತಾರೆ. ಯಾಕೆ ಹಾಗೆ ಮಾಡಿದೆ ಅಂತ ನಾನು ಹೇಳಿರಲಿಲ್ಲ, ಮೊನ್ನೆ ಹೇಳಿದೆ. ಅವರು ನಗಲಿಲ್ಲ. ಎದ್ದು ಹೋಗಿ ಚಹಾ ಮಾಡಿ ತಂದು ಕೊಟ್ಟರು, ಸಕ್ಕರೆ ಹಾಕುವುದು ಮರೆತಿದ್ದರು.

ಮಗನನ್ನೂ ಕೂರಿಸಿಕೊಂಡು ಅವನ ತಾತ ಹೇಗೆ ಹೋದರು ಅಂತ ಹೇಳಿದೆ. ಅವನು ಟೇಪು ಕೇಳಬೇಕು ಅಂದ. ಕೇಳಿಸಿದೆ. "ಅಜ್ಜಿಗೆ ಇದು ಗೊತ್ತಾ?" ಅಂದ. ಅಜ್ಜಿಯನ್ನೇ ಕೇಳು ಅಂದೆ. ಆ ಉತ್ತರ ನೀನೇ ಕೊಡಬೇಕು.

ಆರೋಗ್ಯ ನೋಡಿಕೋ. ಮುಲಾಮು ನಿನ್ನ ಮಂಡಿಗೇ ಹಚ್ಚು. ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳು, ಪಾಪ ಅವರು ಈ ಕಥೆಗೆ ಆಮೇಲೆ ಬಂದವರು. ಚಿಕ್ಕಪ್ಪನಿಗೂ ಒಂದು ನಮಸ್ಕಾರ ಬರೆಯೋಣವೆಂದರೆ ಕೈ ಏಳುತ್ತಿಲ್ಲ.

ನಿನ್ನ ಮೇಲೆ ಸಿಟ್ಟಾಗಿರುವ,
ನಿನ್ನ ಮಗಳು

ತಾ.ಕ.: ಅಂಚೆ ಡಬ್ಬಿ ತೆರೆಯುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತಿದ್ದೇನೆ. ಬರುವ ಭಾನುವಾರ ಬೆಳಗಿನ ಕಾರ್ಯಕ್ರಮದಲ್ಲಿ ಆ ಟೇಪನ್ನು ಮತ್ತೆ ಪ್ರಸಾರ ಮಾಡುತ್ತಾರೆ. ಸುಟ್ಟಮಾಮ ಬಂದು ಮಿಕ್ಕದ್ದನ್ನು ಮಾತಾಡಿ ಹೋಗಿದ್ದಾರೆ, ಅಪ್ಪನ ಹೆಸರನ್ನು ನಾನೇ ಓದುತ್ತೇನೆ. ಚಿಕ್ಕಪ್ಪನಿಂದ ಮುಚ್ಚಿಡಬೇಡ, ಬೇಕಾದರೆ ಈ ಕಾಗದವನ್ನೇ ಅವರ ಕೈಗೆ ಕೊಡು. ಅವರು ಮನೆ ಬಿಟ್ಟು ಹೋಗು ಅಂದರೆ, ಅನ್ನದಿದ್ದರೂ ಸರಿ, ಶನಿವಾರದ ಬಸ್ಸಿಗೆ ಹತ್ತಿ ಬಂದುಬಿಡು. ಒಳಗಿನ ಕೋಣೆಯಲ್ಲಿ ಮಂಚ ಹಾಕಿಸಿದ್ದೇನೆ, ಮಂಡಿಗೆ ಹಿತವಾಗಲಿ ಅಂತ ಎತ್ತರದ್ದೇ. ನಿನ್ನನ್ನು ಬಯ್ಯುವುದು ಇನ್ನೂ ಬಹಳ ಇದೆ. ಕಾಗದದಲ್ಲಿ ಮುಗಿಯುವುದಿಲ್ಲ, ಎದುರಿಗೇ ಕೂರಿಸಿಕೊಂಡು ಬಯ್ಯಬೇಕು. ಬಾ.