ಜೋಡಿ ರಿಯಾಯಿತಿ

ಜುಲೈ 9. ಬೆಳಿಗ್ಗೆ 6.10

ಮತ್ತೆ ಟೆಂಟು ಬಿಚ್ಚಿದೆ. ಈ ತಿಂಗಳಲ್ಲಿ ಇದು ಮೂರನೇ ಸಲ. ಮೊದಲ ಕ್ಯಾಂಪಿನಲ್ಲಿ ನಾಯಿಕಾಟ. ಎರಡನೆಯದರಲ್ಲಿ ಪಕ್ಕದವರ ಹಾಡಿನ ಕಾಟ. ಇಲ್ಲಿ ಯಾವ ಕಾಟವೂ ಇಲ್ಲ. ಆದರೂ ಬಿಚ್ಚಿದೆ. ಕೂತಲ್ಲಿ ಕೂರಲಾಗುವುದಿಲ್ಲ. ಮನೆಯಲ್ಲಂತೂ ಸಾಧ್ಯವೇ ಇಲ್ಲ. ಅಡುಗೆಮನೆಯ ದೀಪ ಹಾಕಿದರೆ ಸಾಕು... ಬೇಡ. ಬಸ್ಸಿಗೆ ಹೊತ್ತಾಯಿತು. ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದವನು ಬಸ್ಸು ತಪ್ಪಿಸಿಕೊಂಡರೆ ಮರ್ಯಾದೆ ಪ್ರಶ್ನೆ.

ಮಧ್ಯಾಹ್ನ 1.30

ನದಿ ಪಕ್ಕದ ಕ್ಯಾಂಪು. ಗೇಟಿನಲ್ಲಿ ಬೋರ್ಡು. ಹಾಗೇ ನಕಲು ಮಾಡಿಕೊಂಡಿದ್ದೇನೆ, ಬರೆದ ಮಹಾನುಭಾವ ಎಂದಾದರೂ ಸಿಕ್ಕರೆ ಕೇಳಬೇಕು:

“ಟೆಂಟ್ ಜಾಗ ರಾತ್ರಿಗೆ 900. ಅಪ್ ಟು 50% ರಿಯಾಯಿತಿ! ಜೋಡಿಗೆ 700 ಮಾತ್ರ. ಒಬ್ಬರಿಗೆ ರಿಯಾಯಿತಿ ಇಲ್ಲ. ಮೂರನೇ ರಾತ್ರಿ ಉಚಿತ, ಮೊದಲ ಎರಡು ರಾತ್ರಿ ರಿಯಾಯಿತಿ ಪಡೆಯದವರಿಗೆ ಮಾತ್ರ. ಷರತ್ತು ಅನ್ವಯ.”

ಅಪ್ ಟು! ಸೊನ್ನೆಯೂ ಐವತ್ತರ ಒಳಗೇ ಅಲ್ಲವೇ ಬರುವುದು? ಬಿ.ಎ. ಎರಡನೇ ವರ್ಷದಲ್ಲಿ ಇಂಗ್ಲಿಷ್ ಮೇಷ್ಟ್ರು ‘ನಾಟ್‌ವಿತ್‌ಸ್ಟ್ಯಾಂಡಿಂಗ್’ ಅಂತ ಒಂದು ಪದ ಕಲಿಸಿದ್ದರು. ಅರ್ಥ ಮರೆತಿದೆ. ಈ ಬೋರ್ಡಿಗೆ ಅದೊಂದೇ ಕಡಿಮೆ.

ಗೇಟಿನಲ್ಲಿ ಒಬ್ಬ ಹೆಂಗಸು. ನಲವತ್ತರ ಆಸುಪಾಸು. ಕೊರಳಲ್ಲಿ ಸೀಟಿ, ಮುಂದೆ ಉದ್ದನೆಯ ರಿಜಿಸ್ಟರ್.

“ಒಬ್ಬನಿಗೆ ಒಂಬೈನೂರು, ಇಬ್ಬರಿಗೆ ಏಳ್ನೂರಾ? ಇದ್ಯಾವ ಗಣಿತ ಅಮ್ಮಾ?”

“ಗಣಿತ ಅಲ್ಲ ಸಾರ್, ಆಫರ್ರು.”

“ಒಂಟಿಯಾಗಿರೋದಕ್ಕೆ ದಂಡ ಅನ್ನಿ.”

“ನಾನೆಲ್ಲಿ ಹಾಕ್ದೆ? ಬೋರ್ಡು ಹಾಕಿರೋದು. ಬರೆದೋರು ಎಲ್ಲೋ ಏಸಿ ರೂಮಲ್ಲಿ ಕೂತಿರ್ತಾರೆ, ಬೈಸ್ಕೊಳ್ಳೋಕೆ ನಾನು. ಹೇಳಿ, ಒಬ್ರೋ ಇಬ್ರೋ?”

ಉತ್ತರ ಕೊಡುವುದರೊಳಗೆ ಮ್ಯಾನೇಜರು ತೋಳು ಹಿಡಿದು ನಲ್ಲಿಯ ಹತ್ತಿರ ಕರೆದೊಯ್ದ. ಶರ್ಟಿನ ಜೇಬು ಉಬ್ಬಿತ್ತು. “ಯಜಮಾನ್ರೇ, ಕ್ಯಾಶ್ ಕೊಡಿ. ಆರ್ನೂರು ಸಾಕು. ಚೀಟಿ ಇಲ್ಲ, ಪುಸ್ತಕದಲ್ಲಿ ಹೆಸರಿಲ್ಲ, ತಲೆನೋವಿಲ್ಲ. ಇದು ಬೋರ್ಡಲ್ಲಿ ಬರೆಯದ ಆಫರ್ರು.”

ಕ್ಯಾಶ್ ಜೇಬಿನಲ್ಲೇ ಇತ್ತು. ಆರ್ನೂರು ಏಳ್ನೂರಕ್ಕಿಂತ ಕಡಿಮೆ, ಅದಕ್ಕೆ ಬಿ.ಎ. ಬೇಕಾಗಿಲ್ಲ. ಆದರೂ ಗೇಟಿಗೆ ವಾಪಸು ಬಂದು “ಇಬ್ಬರು” ಅಂದೆ. “ಹೆಂಡತಿ ನಾಳಿದ್ದು ಬರ್ತಾಳೆ.”

ಏಕೆ ಅಂದೆನೋ. ಬಾಯಿಂದ ಜಾರಿಹೋಯಿತು.

ಆಕೆ ರಿಜಿಸ್ಟರ್ ನನ್ನ ಕಡೆ ತಿರುಗಿಸಿದಳು. “ಇಬ್ಬರ ಹೆಸರೂ ನೀವೇ ಬರೀರಿ.” ಬರೆದೆ. ಮೂವತ್ನಾಲ್ಕು ವರ್ಷ ಸಂಸಾರ ಮಾಡಿ ಒಂದು ದಿನವೂ ಅವಳನ್ನು ಹೆಸರು ಹಿಡಿದು ಕರೆದವನಲ್ಲ. ‘ಇವಳೇ’, ‘ಕೇಳಿಸ್ತಾ’. ಮಗಳು ಹುಟ್ಟಿದ ಮೇಲೆ ‘ನಿಮ್ಮಮ್ಮ ಎಲ್ಲಿ’. ಆಸ್ಪತ್ರೆಯ ಕಾಗದ, ಆಮೇಲಿನ ಕಾಗದ, ಎಲ್ಲವನ್ನೂ ಮಗಳೇ ಬರೆದಳು. ಇವತ್ತು ನಾನು ಬರೆದೆ. ನಾಲ್ಕು ಅಕ್ಷರ.

“ಒಳ್ಳೇ ಹೆಸರು ಸಾರ್,” ಅಂದಳು ಗೇಟಿನಾಕೆ.

ಜುಲೈ 10. ಬೆಳಿಗ್ಗೆ 7

ನಿದ್ದೆ ಇಲ್ಲ. ಐದಕ್ಕೇ ಎದ್ದು ಕ್ಯಾಂಪಿಗೆ ಎರಡು ಸುತ್ತು ಹಾಕಿದೆ. ಪಂಪ್‌ಹೌಸಿನ ಆಚೆ, ತಗ್ಗಿನಲ್ಲಿ, ಒಂದೇ ಒಂದು ಟೆಂಟು. ಹೊರಗೆ ಗಾಳ ಹಾಕಿ ಕೂತವನೊಬ್ಬ. ನನ್ನ ಅರ್ಧ ವಯಸ್ಸಿನವ. ಗೇಟಿನಿಂದ ಆ ಟೆಂಟು ಕಾಣುವುದೇ ಇಲ್ಲ.

“ಇಲ್ಯಾಕಪ್ಪ, ಇಷ್ಟು ಕೆಳಗೆ?”

“ನಾನು ಕ್ಯಾಶ್ ಗಿರಾಕಿ ಸಾರ್. ಕ್ಯಾಶ್ ಗಿರಾಕಿಗಳನ್ನ ಕಣ್ಣಿಗೆ ಬೀಳದ ಜಾಗದಲ್ಲಿ ಹಾಕ್ತಾನೆ ಮ್ಯಾನೇಜರು. ಲೆಕ್ಕಕ್ಕೆ ನಾನು ಇಲ್ಲಿ ಇಲ್ಲವೇ ಇಲ್ಲ.” ನಕ್ಕ. “ಆರಾಮು. ಯಾರೂ ಹುಡುಕ್ಕೊಂಡು ಬರಲ್ಲ.”

“ಮೀನು?”

“ಅವೂ ಬರಲ್ಲ.”

ಮಗಳ ಫೋನು. “ಅಪ್ಪ, ಎಲ್ಲಿದೀಯಾ?”

“ಸ್ನೇಹಿತನ ಮನೇಲಿ.”

“ಯಾವ ಸ್ನೇಹಿತ? ನಿನಗ್ಯಾರಪ್ಪ ಸ್ನೇಹಿತರು?”

ಇಟ್ಟುಬಿಟ್ಟೆ. ಸಿಗ್ನಲ್ ಇಲ್ಲ ಅಂದುಕೊಳ್ಳಲಿ.

ಜುಲೈ 12. ಸಂಜೆ 5.45

ಹೆಂಡತಿ ನಿನ್ನೆಯೇ ಬರಬೇಕಿತ್ತಲ್ಲ ಅಂತ ಗೇಟಿನಾಕೆ ಎರಡು ಸಲ ಕೇಳಿದಳು. ಬಸ್ಸು ಸಿಗಲಿಲ್ಲವಂತೆ ಅಂದೆ. ನಾನು! ಡಿಪೋದವನು!

“ಆಫರ್‌ಗೆ ಇಬ್ಬರೂ ಇರಬೇಕು ಸಾರ್. ಮ್ಯಾನೇಜರು ಚೆಕ್ ಮಾಡಿದ್ರೆ ಒಂಬೈನೂರರ ಲೆಕ್ಕಕ್ಕೆ ಹಾಕ್ತಾನೆ. ನಾಲ್ಕು ದಿನಕ್ಕೊಮ್ಮೆ ಹೊಸದಾಗಿ ಎಂಟ್ರಿ ಬೇರೆ.”

“ಬರ್ತಾಳಮ್ಮ. ಅವಳು ಯಾವತ್ತು ಟೈಮಿಗೆ ಬಂದಿದಾಳೆ?”

ಆಕೆ ನಕ್ಕಳು. ನಾನೂ ನಕ್ಕೆ. ಅವಳ ಬಗ್ಗೆ ದೂರು ಹೇಳಿ ಎಷ್ಟು ದಿನವಾಗಿತ್ತು! ಸತ್ತವರ ಮೇಲೆ ಯಾರೂ ದೂರು ಹೇಳಗೊಡುವುದಿಲ್ಲ. ಬಾಯಿ ತೆರೆದರೆ ‘ಪುಣ್ಯಾತ್ಗಿತ್ತಿ’ ಅಂತ ಶುರುಮಾಡುತ್ತಾರೆ. ಹೊರಡುವಾಗ ಬೀಗ ಹಾಕಿದೆಯೋ ಇಲ್ಲವೋ ಅಂತ ಮೂರು ಸಲ ವಾಪಸು ಹೋಗುತ್ತಿದ್ದಳು. ಅದನ್ನೂ ಹೇಳಿದೆ. ಛತ್ರಿ ಕಳೆದದ್ದನ್ನೂ ಹೇಳಿದೆ. ಗೇಟಿನಾಕೆ ತನ್ನ ಗಂಡನನ್ನು ಬೈದಳು. ಒಳ್ಳೆಯ ಸಂಜೆ.

ಜುಲೈ 13. ಬೆಳಿಗ್ಗೆ 11

ಬಂದಳು ಅಂದುಬಿಟ್ಟೆ. ಬೆಳಗಿನ ಮೊದಲ ಬಸ್ಸಿಗೆ, ಗೇಟಿನಾಕೆ ಡ್ಯೂಟಿಗೆ ಬರುವ ಮುಂಚೆ. ಬಸ್ಸಿನಲ್ಲಿ ತಲೆನೋವು ಬಂದು ಟೆಂಟಿನಲ್ಲಿ ಮಲಗಿದ್ದಾಳೆ. ಹೊಸ ಎಂಟ್ರಿ. ಮತ್ತೆ ಅವಳ ಹೆಸರು ಬರೆದೆ. ಈ ಸಲ ಕೈ ಸಲೀಸಾಗಿ ಓಡಿತು.

ಹತ್ತೂವರೆಗೆ ಗೇಟಿನಾಕೆ ಒಂದು ಫ್ಲಾಸ್ಕು ಬಿಸಿನೀರು ಕಳಿಸಿದಳು. ಎರಡು ಲೋಟ ಇಟ್ಟಿದ್ದಳು. ಟೆಂಟಿನ ಜಿಪ್ಪು ಎಳೆದುಕೊಂಡು ಎರಡರಲ್ಲೂ ಕುಡಿದೆ.

ಜುಲೈ 14. ಬೆಳಿಗ್ಗೆ 6

ಗುರುತು ಪರಿಚಯವಿಲ್ಲದ ಹೆಂಗಸಿಗೆ ಸುಳ್ಳು ಹೇಳಿದ್ದೇನೆ. ಜಿಪುಣತನ ಅಂತ ಸಮಾಧಾನ ಮಾಡಿಕೊಳ್ಳೋಣವೆಂದರೆ ಅದೂ ಅಲ್ಲ. ಕ್ಯಾಶ್ ಕೊಟ್ಟಿದ್ದರೆ ನೂರು ಉಳಿಯುತ್ತಿತ್ತು. ದಿನಕ್ಕೆ ನೂರು ಹೆಚ್ಚಿಗೆ ತೆತ್ತು ಅವಳನ್ನು ಒಂದು ಪುಸ್ತಕದಲ್ಲಿ ಇಟ್ಟಿದ್ದೇನೆ. ಇದ್ದಾಳೆ ಅಂತ ಹೇಳುವ ಪುಸ್ತಕ ಜಗತ್ತಿನಲ್ಲಿ ಈಗ ಅದೊಂದೇ.

“ಅಕ್ಕನ್ನ ಕರ್ಕೊಂಡು ಬನ್ನಿ ಸಾರ್, ಗೇಟಿನ ಹತ್ರ ನೆರಳಿದೆ,” ಅಂದಿದ್ದಾಳೆ ಗೇಟಿನಾಕೆ.

ಹೇಳಿಬಿಡಬೇಕು. ನಾಳೆ. ಇಲ್ಲವೇ ಟೆಂಟು ಬಿಚ್ಚಿ ಇನ್ನೊಂದು ಕ್ಯಾಂಪಿಗೆ...

ಜುಲೈ 17. ಬೆಳಿಗ್ಗೆ 8.20

ಮೇಲಿನ ರಸ್ತೆಯ ಗೋದಾಮಿನಲ್ಲಿದ್ದೇವೆ. ಇಪ್ಪತ್ತಾರು ಜನ. ನಿನ್ನೆಯದನ್ನು ಅನುಕ್ರಮವಾಗಿ ಬರೆಯಬೇಕು, ಇಲ್ಲದಿದ್ದರೆ ತಲೆ ನಿಲ್ಲುವುದಿಲ್ಲ.

ಮಧ್ಯಾಹ್ನ 2.50. ಬ್ರೆಡ್ಡು ತರಲು ಮೇಲಿನ ಅಂಗಡಿಗೆ ಹೋಗಿದ್ದೆ, ಈ ಡೈರಿ ಜೇಬಿನಲ್ಲೇ ಇತ್ತು. ಸೈರನ್. ಮೇಲೆಲ್ಲೋ ಅಣೆಕಟ್ಟಿನ ಬಾಗಿಲು ತೆರೆದರಂತೆ. ನಾನು ಓಡಿ ಬರುವಷ್ಟರಲ್ಲಿ ಕ್ಯಾಂಪಿನ ಅರ್ಧ ಭಾಗ ನೀರು. ನನ್ನ ಟೆಂಟಿನ ತುದಿ ಮಾತ್ರ ಕಾಣುತ್ತಿತ್ತು, ಅದೂ ಆಚೀಚೆ ಓಲಾಡುತ್ತಾ. ಗೇಟಿನಾಕೆ ರಿಜಿಸ್ಟರ್ ಎದೆಗೊತ್ತಿಕೊಂಡು ಒಬ್ಬೊಬ್ಬರನ್ನೇ ಕರೆದು ಟಿಕ್ ಹಾಕುತ್ತಿದ್ದಳು. ಮ್ಯಾನೇಜರು ಎಲ್ಲೂ ಇಲ್ಲ.

“ಸಾರ್, ನೀವು ಬಂದ್ರಾ! ಅಕ್ಕ ಎಲ್ಲಿ?”

ನಾನು ಟೆಂಟಿನ ತುದಿಯ ಕಡೆ ನೋಡಿದೆ.

“ಟೆಂಟಲ್ಲಿದಾರಾ? ಅಯ್ಯೋ, ಟೆಂಟಲ್ಲಿದಾರಾ?”

ಉತ್ತರಕ್ಕೆ ಕಾಯಲಿಲ್ಲ. ಸೀಟಿ ಊದಿ, ಇದ್ದ ಒಂದೇ ದೋಣಿಯನ್ನು, ಅದರಲ್ಲಿದ್ದ ಇಬ್ಬರನ್ನು, ನನ್ನ ಟೆಂಟಿನ ಕಡೆ ಕಳಿಸಿದಳು. ಆಮೇಲೆ ನೀರಿಗೆ ಮೊಣಕಾಲುದ್ದ ಇಳಿದು, ಕೈ ಬಾಯಿಗೆ ಹಿಡಿದು, ಅವಳ ಹೆಸರು ಕೂಗಿದಳು.

ಪಕ್ಕದಲ್ಲಿ ನಿಂತವರೂ ಕೂಗಿದರು. ಮಕ್ಕಳೂ ಕೂಗಿದವು. ಮೂವತ್ನಾಲ್ಕು ವರ್ಷದಲ್ಲಿ ನಾನೊಮ್ಮೆಯೂ ಕೂಗದ ಹೆಸರನ್ನು ನದಿಗೆ ನದಿಯೇ ಕೇಳುವಂತೆ ಕೂಗುತ್ತಿದ್ದರು. ಪ್ರತಿ ಸಲವೂ ನಾನು ನೀರಿನ ಕಡೆ ನೋಡಿದೆ. ಓ ಅಂದರೂ ಅನ್ನಬಹುದು ಅನಿಸಿತು. ದೇವರಾಣೆ, ಹಾಗೇ ಅನಿಸಿತು.

ನಾಲ್ಕು ನಿಮಿಷ. ಟೈಮ್‌ಕೀಪರ್ ನಾನು, ಸುಮ್ಮನೆ ಹೇಳುವುದಿಲ್ಲ. ನಾಲ್ಕು ನಿಮಿಷ ನಾನು ಕೇಳಿಸಿಕೊಳ್ಳುತ್ತಾ ನಿಂತೆ. ದೋಣಿಯವರಲ್ಲಿ ಒಬ್ಬ ಟೆಂಟಿನ ಬಟ್ಟೆ ಹಿಡಿಯಲು ನೀರಿಗೆ ಬಿದ್ದ. ತಲೆ ಮುಳುಗಿತು, ಎದ್ದಿತು, ಮತ್ತೆ ಮುಳುಗಿತು.

ಆಗ ಗೇಟಿನಾಕೆಯ ಭುಜ ಹಿಡಿದೆ. “ಕರೀಬೇಡಿ. ಅವಳಿಲ್ಲ.”

“ಇಲ್ಲ ಅಂದ್ರೆ? ಎಲ್ಲಿಗೆ ಹೋದ್ರು?”

“ಹೋಗಿ ಹದಿನಾಲ್ಕು ತಿಂಗಳಾಯ್ತಮ್ಮ. ಬರಲೇ ಇಲ್ಲ ಅವಳು. ಒಬ್ಬನೇ ಇದ್ದೆ.”

ಆಕೆಯ ಮುಖ ನೋಡಲಾಗಲಿಲ್ಲ. ಅದೇ ಉಸಿರಿಗೆ ಗಾಳದವನು ನೆನಪಾದ. “ಪಂಪ್‌ಹೌಸಿನ ತಗ್ಗಿನಲ್ಲಿ ಒಬ್ಬ ಹುಡುಗ ಇದಾನೆ. ದೋಣಿ ಅಲ್ಲಿಗೆ ಕಳಿಸಿ.”

“ಅಲ್ಲಿ ಯಾರೂ ಇಲ್ವಲ್ಲ ಸಾರ್.” ಪುಟ ತಿರುವಿದಳು. “ಪುಸ್ತಕದಲ್ಲಿ ಇಲ್ಲ.”

“ಕ್ಯಾಶ್ ಕೊಟ್ಟವನು! ಪುಸ್ತಕದಲ್ಲಿ ಹೇಗಿರ್ತಾನೆ?”

ಆಕೆ ಊದಿದ ಸೀಟಿ ಈಗಲೂ ಕಿವಿಯಲ್ಲಿದೆ. ನೀರಿಗೆ ಬಿದ್ದವನನ್ನು ಎಳೆದುಕೊಂಡು ದೋಣಿ ತಿರುಗಿತು. ಗಾಳದವನು ಪಂಪ್‌ಹೌಸಿನ ತಗಡಿನ ಮೇಲೆ ಸಿಕ್ಕ. ಕಾಲು ಮುರಿದಿದೆ. ಅವನನ್ನು ಎತ್ತಿಕೊಂಡ ಮೇಲೆ ಆ ತಗಡು ಎಷ್ಟು ಹೊತ್ತು ಇತ್ತು ಅಂತ ದೋಣಿಯವರು ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಆಸ್ಪತ್ರೆಗೆ ಸಾಗಿಸುವಾಗ ಅವನು ಮೊದಲು ಕೇಳಿದ್ದು, “ನನ್ನ ಹೆಸರು ಬರ್ಕೊಂಡ್ರಾ?”

ಬೆಳಿಗ್ಗೆ 10.40

ಗೇಟಿನಾಕೆ ಬಂದಳು. ರಾತ್ರಿಯಿಂದ ನನ್ನ ಜೊತೆ ಮಾತಿಲ್ಲ. ರಿಜಿಸ್ಟರನ್ನು ನನ್ನ ಮುಂದೆ ಇಟ್ಟಳು. ಅಂಚೆಲ್ಲ ನೆಂದು ಉಬ್ಬಿದೆ.

“ಅಧಿಕಾರಿಗಳ ಪಟ್ಟೀಲಿ ಕಾಣೆಯಾದವರು ಒಂದು ಅಂತಿದೆ. ನಾನು ಬಾಯಲ್ಲಿ ಹೇಳಿದ್ರೆ ಕೇಳ್ತಿಲ್ಲ. ಪುಸ್ತಕದಲ್ಲಿ ಇದೆಯಲ್ಲ ಅಂತಾರೆ. ಹನ್ನೊಂದಕ್ಕೆ ದೋಣಿ ಮತ್ತೆ ಇಳಿಸ್ತಾರಂತೆ. ನೀರು ಇನ್ನೂ ಇಳಿದಿಲ್ಲ ಸಾರ್.”

“ನಾನೇನು ಮಾಡ್ಲಮ್ಮ?”

“ನೀವೇ ಬರೆದದ್ದು. ನೀವೇ ಹೊಡೆದು ಹಾಕಿ. ಪಕ್ಕದಲ್ಲಿ ಕಾರಣ ಬರೆದು ಸಹಿ ಮಾಡಿ.” ಆಮೇಲೆ, ದನಿ ಇಳಿಸಿ, “ಹೋಗ್ಲಿ ಬಿಡಿ ಅಂತ ಹೇಳೋಕೆ ನನ್ನಿಂದ ಆಗಲ್ಲ. ದೋಣೀಲಿ ಬಿದ್ನಲ್ಲ, ಅವನು ನನ್ನ ತಮ್ಮ.”

ತಿರುಗಿ ನೋಡದೆ ಬಾಗಿಲಿಗೆ ಹೋಗಿ ನಿಂತಳು.

10.48. ಎರಡು ಕಡೆ ಇದೆ, ಒಂಬತ್ತನೇ ತಾರೀಕು, ಹದಿಮೂರನೇ ತಾರೀಕು. ಮೊದಲನೆಯದರ ಶಾಯಿ ನೀರಿಗೆ ಹರಡಿದೆ. ಎರಡನೆಯದು ಸ್ಪಷ್ಟವಾಗಿದೆ. ನಾಲ್ಕು ಅಕ್ಷರ, ದುಂಡಗೆ. ಹೀಗೆ ಅವಳಿಗೊಂದು ಕಾಗದವನ್ನಾದರೂ ಬರೆದಿದ್ದರೆ.

ಕಾರಣ ಅನ್ನುವಲ್ಲಿ ಏನು ಬರೆಯಲಿ? ಮಗಳು ಬರೆದ ಕಾಗದದಲ್ಲಿ ಏನಿತ್ತು ಅಂತ ಓದಿಯೇ ಇರಲಿಲ್ಲ. ‘ತೀರಿಕೊಂಡಿದ್ದಾಳೆ’ ಸಾಕು. ಬೇರೆ ಯಾವ ಮಾತೂ ಹೊಂದುವುದಿಲ್ಲ.

10.55. ಹೊರಗೆ ಜೀಪಿನ ಹಾರನ್. ದೋಣಿಯವರಿಬ್ಬರೂ ಹಗ್ಗ ಸುತ್ತುತ್ತಿದ್ದಾರೆ. ತಮ್ಮನಾದವನು ಕೆಮ್ಮುತ್ತಿದ್ದಾನೆ. ಹೆಸರು ಹೊಡೆಯುವುದು ಇನ್ನೂ ಬಾಕಿ. ಈ ಗೋದಾಮಿನಲ್ಲಿ ಬರೆಯುವ ಪೆನ್ನು ಇದೊಂದೇ. ಗೇಟಿನಾಕೆ ಬಾಗಿಲಿನಿಂದ ಕೈ ನೀಡಿ ನಿಂತಿದ್ದಾಳೆ, ಪುಸ್ತಕಕ್ಕೆ. ಇದನ್ನು ಇಲ್ಲಿಗೇ ಬಿಟ್ಟು