ಗದಿಗೆಮ್ಮ ಹಸನು ಮಾಡಿದ ಕಲ್ಲಿದ್ದಲು

ಹಿಮಾಯತ್‌ನಗರ, ಹೈದರಾಬಾದ್
ಶುಕ್ರವಾರ ಮಧ್ಯಾಹ್ನ

ಪ್ರೀತಿಯ ಗದಿಗೆಮ್ಮನಿಗೆ, ಮಂದಾಕಿನಿಯ ನಮಸ್ಕಾರ.

ಈ ಕಾಗದವನ್ನು ನಿನಗೆ ರೇಣುಕಾ ಓದಿ ಹೇಳುತ್ತಾಳೆ. ರೇಣುಕಾ, ಎಲ್ಲೂ ಬಿಟ್ಟು ಓದಬೇಡ, ನಿನ್ನ ತಾಯಿಗೆ ನೋವಾಗುವ ಸಾಲನ್ನೂ ಓದು. ಗದಿಗೆಮ್ಮ, ಬೆಳಗ್ಗೆ ಫೋನಿನಲ್ಲಿ ನಾನು, ಕೂಸನ್ನು ಎತ್ತಿಕೊಂಡು ಇವತ್ತೇ ಹೊರಟು ಬಾ ಎಂದೆ. ಯಾಕೆಂದು ಹೇಳಲಿಲ್ಲ. ಹೇಳಿದ್ದರೆ ನೀನು "ಇರಲಿ ಬಿಡ್ರಿ ಅಕ್ಕಾರ" ಅಂದುಬಿಡುತ್ತಿದ್ದೆ, ನಾನೂ ಬಿಟ್ಟುಬಿಡುತ್ತಿದ್ದೆ. ನನ್ನ ಬುದ್ಧಿ ನನಗೆ ಗೊತ್ತಿದೆ. ನಾಲ್ಕಕ್ಕೆ ನಮ್ಮ ಲ್ಯಾಬಿನ ಜೀಪು ನಿಮ್ಮ ಫ್ಯಾಕ್ಟರಿಗೆ ಹೊರಡುತ್ತದೆ. ಈಗಾಗಲೇ ಮೂರು ಸಲ ಬರೆದು ಹರಿದಿದ್ದೇನೆ, ಎಷ್ಟು ಸಲ ಎದ್ದು ವರಾಂಡದ ತುದಿಗೆ ಹೋಗಿ ಬಂದೆನೋ ಲೆಕ್ಕವಿಲ್ಲ.

ಸೋಮವಾರ ನೀನು ಫೋನು ಮಾಡಿ, "ಇಲ್ಲಿ ಗಾಳ್ಯಾಗ ಕಡ್ಡಿ ಗೀರಿದಂಗ ವಾಸನಿ ಬರಾಕತ್ತೈತ್ರಿ, ಕೂಸು ಕೆಮ್ಮಿ ಕೆಮ್ಮಿ ಸಾಕಾಗೈತಿ" ಎಂದೆಯಲ್ಲ, ಆಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಕಡ್ಡಿ ಗೀರಿದ ವಾಸನೆ ಅಂದರೆ ಗಂಧಕ. ಆದರೆ ಆ ಫ್ಯಾಕ್ಟರಿಯ ಕಲ್ಲಿದ್ದಲಿನಲ್ಲಿ ಗಂಧಕ ನೂರು ಪಾಲಿನಲ್ಲಿ ಅರ್ಧ ಪಾಲೂ ಇಲ್ಲ, ತೊಳೆಯದೆ ಉರಿಸಬಹುದು ಎಂದು ಕಳೆದ ತಿಂಗಳು ಪರೀಕ್ಷೆ ಮಾಡಿ ವರದಿ ಬರೆದು ರುಜು ಹಾಕಿದವಳು ನಾನೇ. ನನ್ನ ಮಾತು ನಂಬಿ ಅವರು ತೊಳೆಯುವ ಘಟಕವನ್ನು ನಿಲ್ಲಿಸಿದರು. ಅಲ್ಲಿ ನಿನ್ನ ಅಳಿಯ ಬಸುವಿಗೆ ಗೋಡೆ ಕಟ್ಟುವ ಗೌಂಡಿ ಕೆಲಸ ಕೊಡಿಸಿದವಳೂ ನಾನೇ, ಚಿಮಣಿಯ ಹಿಂದಿನ ಶೆಡ್ಡು ಕೊಡಿಸಿದವಳೂ ನಾನೇ. ನಿನ್ನ ಮೆಹದಿಪಟ್ಟಣಂ ಕೋಣೆಯಲ್ಲಿ ಜಾಗ ಸಾಲದೆಂದು ರೇಣುಕಾಳ ಬಾಣಂತನಕ್ಕೆ ನೀನೇ ಅಲ್ಲಿಗೆ ಹೋದೆ.

ನಿನ್ನೆ ಬ್ರಷ್ ಹುಡುಕುತ್ತ ಲ್ಯಾಬಿನಲ್ಲಿ ನಿನ್ನ ಮೂಲೆಗೆ ಹೋದೆ. ಗೋಣಿಯ ಹಿಂದೆ ಒಂದು ಉಪ್ಪಿನಕಾಯಿ ಡಬ್ಬಿ ಸಿಕ್ಕಿತು. ತೆಗೆದು ನೋಡಿದರೆ ಹಳದಿಯಾಗಿ ಫಳಫಳ ಹೊಳೆಯುವ ಕಲ್ಲುಗಳು. "ಮೊಮ್ಮಗು ಹುಟ್ಟಲಿ, ಬಂಗಾರದ ಹರಳು ಕೊಡ್ತೀನಿ" ಎಂದು ನೀನು ಹೇಳುತ್ತಿದ್ದುದು, ನಾವೆಲ್ಲ ನಕ್ಕಿದ್ದು ನೆನಪಾಯಿತು.

ಗದಿಗೆಮ್ಮ, ಅದು ಬಂಗಾರವಲ್ಲ, ಗಂಧಕ ಕಬ್ಬಿಣ ಕೂಡಿದ ಕಲ್ಲು. ಕಲ್ಲಿದ್ದಲಿಗಿಂತ ಭಾರ. ಉರಿಸುವ ಮೊದಲು ತೊಳೆದರೆ ಕಲ್ಲಿದ್ದಲು ಮೇಲೆ ಉಳಿಯುತ್ತದೆ, ಆ ಕಲ್ಲು ತಳಕ್ಕೆ ಇಳಿಯುತ್ತದೆ. ತೊಳೆಯದೆ ಉರಿಸಿದರೆ ಅದೇ ಹೊಗೆಯಾಗಿ ಎದೆಗೆ ಇಳಿಯುತ್ತದೆ. ಅದು ಎಷ್ಟಿದೆ ಎಂದು ತಿಳಿಯಲಿಕ್ಕೇ ಫ್ಯಾಕ್ಟರಿಯವರು ನಮಗೆ ಕಲ್ಲಿದ್ದಲಿನ ಚೀಲ ಕಳಿಸುವುದು. ನೀನು ಚೀಲ ಸುರಿದು, ಗುಡ್ಡೆ ಮಾಡಿ, ತಟ್ಟಿ, ನಾಲ್ಕು ಪಾಲು ಮಾಡಿ, "ರೊಟ್ಟಿ ಮುರದಂಗ ಆತು ನೋಡ್ರಿ" ಎನ್ನುತ್ತಿದ್ದೆ. ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಮೊರಕ್ಕೆ ಹಾಕಿ ಕಲ್ಲು ಆರಿಸುತ್ತಿದ್ದೆ. ನೀನು ಹಸನು ಮಾಡಿದ್ದು ಒಂದು ಮೊರ, ನಾನು ಅಳೆದದ್ದು ಅದನ್ನೇ. ಅಲ್ಲಿ ಉರಿಯುತ್ತಿರುವುದು ಹಸನು ಮಾಡದ ದೊಡ್ಡ ರಾಶಿ.

ಯಾಕೆ ಆರಿಸಿದೆ ಎಂದು ನಿನ್ನನ್ನು ಕೇಳಬೇಕಿಲ್ಲ. ಎರಡು ವರ್ಷದ ಹಿಂದೆ ಕಲ್ಲು ಸಿಕ್ಕಿ ಅರೆಯುವ ಯಂತ್ರ ನಿಂತಾಗ ಎಲ್ಲರೆದುರು ನಿನ್ನ ಮೇಲೆ ಹರಿಹಾಯ್ದೆ. "ಕಣ್ಣು ಕಾಣ್ಸೂದಿಲ್ಲೇನು? ಕಲ್ಲು ಕಂಡ್ರ ತಗದ್ ಒಗಿ!" ಎಂದೆ. ನೀನು ತಲೆ ತಗ್ಗಿಸಿ, "ಜ್ವಾಳಾ ಹಸನ ಮಾಡಿದಂಗ ಮಾಡ್ತೀನ್ರಿ ಅಕ್ಕಾರ" ಎಂದೆ. ಆಮೇಲೆ ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ನಿನ್ನ ಕೈಗುಣ ಎಂದು ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದೆ, ಯಾಕೆ ನಿಲ್ಲುತ್ತಿಲ್ಲ ಎಂದು ಒಂದು ದಿನವೂ ಯೋಚಿಸಲಿಲ್ಲ.

ಲ್ಯಾಬಿನ ಕೋಣೆಯಲ್ಲಿ ತೆಗೆದಿಟ್ಟಿದ್ದ ಆ ಫ್ಯಾಕ್ಟರಿ ಚೀಲದ ಉಳಿದ ಅರ್ಧವನ್ನು ನಾನೇ ಕೂತು ಪಾಲು ಮಾಡಿ, ಕಲ್ಲುಸಮೇತ ಅರೆದು ನೋಡಿದೆ. ನೂರಕ್ಕೆ ಮೂರಕ್ಕಿಂತ ಹೆಚ್ಚು ಗಂಧಕ ಬಂತು. ನಮ್ಮ ಮೇಲಿನವರು ವೆಂಕಟೇಶ ಸರ್ ಅಂದರು, "ಆಯಾ ತಪ್ಪು ಮಾಡ್ಯಾಳ ಅಂತ ಬರೀರಿ. ಹೆಂಗೂ ರಜಾದಾಗ ಅದಾಳ, ಬ್ಯಾರೆಯವರನ್ನ ಇಟ್ಕೊಂಡ್ರಾತು." ಒಂದು ಗಳಿಗೆ ನನಗೆ ಹಗುರ ಅನಿಸಿತು. ಅದನ್ನು ಬರೆಯಲಾಗದೆಯೇ ಮೂರು ಸಲ ಹರಿದದ್ದು.

ಹೊಸ ವರದಿ ಇದೇ ಜೀಪಿನಲ್ಲಿ ಬರುತ್ತಿದೆ. ಕಲ್ಲು ತೆಗೆಯಲು ಹೇಳಿದವಳು ನಾನು, ಗದಿಗೆಮ್ಮ ನಾನು ಹೇಳಿದಂತೆ ಮಾಡಿದ್ದಾಳೆ ಎಂದು ಬರೆದಿದ್ದೇನೆ. ಇನ್ನು ಮುಂದೆ ನನ್ನ ರುಜು ನಡೆಯುತ್ತದೋ ಇಲ್ಲವೋ, ಗೊತ್ತಿಲ್ಲ. ಭಯವಾಗುತ್ತಿದೆ. ತೊಳೆಯುವ ಘಟಕವನ್ನು ಅವರು ನಾಳೆಯೇ ನಡೆಸುತ್ತಾರೆಂದು ನಂಬಿ ಕೂರಬೇಡ. ಡ್ರೈವರ್ ಸುಬ್ಬಣ್ಣನಿಗೆ ನಿಮ್ಮನ್ನು ಕರೆತರಲು ಹೇಳಿದ್ದೇನೆ. ಮಣಿಕೊಂಡದ ನನ್ನ ಮನೆಯಲ್ಲಿ ಹಿಂದಿನ ಕೋಣೆ ತೆರವು ಮಾಡಿದ್ದೇನೆ, ಬಸುವೂ ಬರಲಿ. ಸಂಜೆಗೇ ಡಾಕ್ಟರಿಗೆ ಹೇಳಿಟ್ಟಿದ್ದೇನೆ.

ಹಿಂದಿನ ಸೀಟಿಗೆ ನನ್ನ ಹಳೆಯ ನೂಲಿನ ಸೀರೆ ಹಾಸಿದ್ದೇನೆ, ಕೂಸನ್ನು ಅದರಲ್ಲಿ ಸುತ್ತಿಕೋ. ಸುಬ್ಬಣ್ಣ ಹಾರ್ನ್ ಹೊಡೆಯುತ್ತಿದ್ದಾನೆ. ನನ್ನನ್ನು ಕ್ಷಮಿಸುವುದು ಬಿಡುವುದು ಆಮೇಲೆ ನೋಡೋಣ, ಗದಿಗೆಮ್ಮ. ಮೊದಲು ಜೀಪು ಹತ್ತು.

ಕೂಸಿನ ಉಸಿರು ತಿಳಿಯಾಗಲಿ, ನೂರು ವರ್ಷ ಬಾಳಲಿ.

ಕಲ್ಲು ಆರಿಸಲು ಹೇಳಿದವಳು,
ಮಂದಾಕಿನಿ