ಮೀಸೆ ಮಿಸ್ ಕೋಣೆಯ ಬಾಗಿಲು

ಗುರುವಾರ, ಮಧ್ಯಾಹ್ನ

ಅಕ್ಕನಿಗೆ,

ಮೇಲೆ ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಆ ಗೀಟು ನಿನ್ನ ಕಣ್ಣಿಗೆ ಬೀಳಲಿ ಎಂದೇ ಬೇರೆ ಹಾಳೆ ತೆಗೆದುಕೊಳ್ಳಲಿಲ್ಲ. ಫೋನಿನಲ್ಲಿ ಮಾತಾಡೋಣವೆಂದರೆ ನೀನು ಎರಡು ಮಾತಿಗೇ ಅಳುತ್ತೀಯ, ಆಗ ಭಾವ ಫೋನ್ ಕಿತ್ತುಕೊಳ್ಳುತ್ತಾರೆ, ಅವರ ಹತ್ತಿರ ನನಗೆ ಮಾತು ಬೇಕಾಗಿಲ್ಲ. ಕಾಗದವಾದರೆ ನಡುವೆ ಬಾಯಿ ಹಾಕುವ ಹಾಗಿಲ್ಲ. ಕೂತು ಓದು.

ಸೋಮವಾರದಿಂದ ನಾನು ಮನೆಯಲ್ಲಿ ಕೂತಿದ್ದೇನೆ. ಶನಿವಾರ ಶಾಲೆಯವರು ಮತ್ತೆ ಸಭೆ ಸೇರುತ್ತಾರೆ, ನನ್ನನ್ನು ಇಟ್ಟುಕೊಳ್ಳುವುದೋ ಕಳಿಸುವುದೋ ಅವತ್ತು ತೀರ್ಮಾನ. ಆ ಸಭೆಯಲ್ಲಿ ನೀನು ಎದ್ದು ನಿಂತು ಒಂದು ಮಾತು ಹೇಳಬೇಕು. ಈ ಕಾಗದವೆಲ್ಲ ಆ ಒಂದು ಮಾತಿಗಾಗಿ. ಬಾಗಿಲು ತೆರೆದಿಡಲು ಹೇಳಿದ್ದು ಯಾರು ಎಂಬ ಮಾತು. ಏನೂ ಗೊತ್ತಿಲ್ಲದವಳ ಹಾಗೆ ಮುಖ ಮಾಡಬೇಡ.

ನಾನು ಶಿಶುವಿಹಾರದ ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮೊಮ್ಮಗನನ್ನು ಬಿಡಲು ಬಂದ ಒಬ್ಬ ತಾತ ನನ್ನನ್ನು ನೋಡಿ ಫ್ಯಾನ್ ಯಾವಾಗ ರಿಪೇರಿ ಆಗುತ್ತದೆ ಎಂದು ಕೇಳಿದ್ದು ನಿನಗೆ ನೆನಪಿರಬೇಕು. ನಾನೇ ಮೇಷ್ಟ್ರು ಎಂದಾಗ ಮೊಮ್ಮಗನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಿದ್ದರು. ಮಕ್ಕಳಿಗೆ ಆ ತಾಪತ್ರಯವೇ ಇಲ್ಲ. ಅವರ ಪ್ರಕಾರ ಶಾಲೆಯಲ್ಲಿ ಕಲಿಸುವವರೆಲ್ಲ ಮಿಸ್, ಹಾಗಾಗಿ ನಾನು ಮೀಸೆ ಮಿಸ್. ಅದನ್ನು ಕೇಳಿ ನೀನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ, ನಾನೂ ನಕ್ಕಿದ್ದೆ. ಆ ಫ್ಯಾನನ್ನೂ ಕೊನೆಗೆ ನಾನೇ ಸರಿಮಾಡಿದೆ ಎನ್ನು. ಬೀರು ಸರಿಸಬೇಕೆ, ಬಲ್ಬು ಹಾಕಬೇಕೆ, ಶೌಚಾಲಯದ ಮೋರಿ ಕಟ್ಟಿಕೊಂಡಿತೆ, ಎಲ್ಲದಕ್ಕೂ ಮೀಸೆ ಮಿಸ್ ಬೇಕು. ಬಿದ್ದ ಮಗುವನ್ನು ಎತ್ತುವುದಕ್ಕೆ ಮಾತ್ರ ಬೇಡ.

ಸೇರುವಾಗಲೇ ದೊಡ್ಡ ಮಿಸ್, ಅದೇ ನಮ್ಮ ಮುಖ್ಯೋಪಾಧ್ಯಾಯಿನಿ, ನನ್ನನ್ನು ಕೂರಿಸಿಕೊಂಡು ಕಟ್ಟುನಿಟ್ಟು ಹೇಳಿದ್ದರು. ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಳ್ಳಬಾರದು. ಎತ್ತಿಕೊಳ್ಳಬಾರದು. ಬಟ್ಟೆ ಒದ್ದೆಯಾದರೆ ಮುಟ್ಟದೆ ಆಯಾಳನ್ನು ಕರೆಯಬೇಕು. ಉಳಿದ ಮಿಸ್‌ಗಳಿಗೆ ಇದ್ಯಾವುದೂ ಇಲ್ಲ. ಕೆಲಸ ಬೇಕಿತ್ತು, ಅದಕ್ಕಿಂತ ಹೆಚ್ಚಾಗಿ ಈ ಕೆಲಸವೇ ಬೇಕಿತ್ತು, ಒಪ್ಪಿಕೊಂಡೆ. ಅಳುವ ಮಗು ಎರಡೂ ಕೈ ಮೇಲೆತ್ತಿಕೊಂಡು ಬರುತ್ತದಲ್ಲ, ಆಗ ನಾನು ತಿರುಗಿ ನೆಲದ ಮೇಲೆ ಕೂತು ಬೆನ್ನು ಕೊಡುತ್ತೇನೆ. ಅದು ನನ್ನ ಬೆನ್ನಿಗೆ ಒರಗಿಕೊಂಡು, ಅಂಗಿಗೆಲ್ಲ ಸಿಂಬಳ ಒರೆಸಿ, ಅತ್ತು ಮುಗಿಸುತ್ತದೆ. ನನ್ನ ಕೈ ನನ್ನ ಮಂಡಿಯ ಮೇಲೆಯೇ ಇರುತ್ತದೆ. ನೋಡಿದ ಮಿಸ್‌ಗಳು ಅಯ್ಯೋ ಎಷ್ಟು ಮುದ್ದಾಗಿದೆ ಎನ್ನುತ್ತಾರೆ. ಮುದ್ದೂ ಇಲ್ಲ ಮಣ್ಣೂ ಇಲ್ಲ. ಅವಮಾನವನ್ನು ರೂಢಿ ಮಾಡಿಕೊಂಡಿದ್ದೇನೆ, ಅಷ್ಟೆ.

ಈ ವರ್ಷ ನಿನ್ನ ಮಗಳು ನನ್ನ ಕೋಣೆಗೆ ಬಂದಳು. ಹುಟ್ಟಿದಾಗ ಕಾಳಿನಷ್ಟೇ ಇದ್ದಾಳೆ ಎಂದು ಅವಳನ್ನು ಕಾಳು ಎಂದು ಕರೆದವನು ನಾನು. ನೀನು ಹೆರಿಗೆಯಾಗಿ ಜ್ವರದಲ್ಲಿ ಮಲಗಿದ್ದಾಗ ಅವಳ ಬಟ್ಟೆ ಬದಲಿಸಿದ್ದು, ಹೆಗಲಿಗೆ ಹಾಕಿಕೊಂಡು ತೇಗು ಬರಿಸಿದ್ದು, ಎಣ್ಣೆ ಹಚ್ಚಿ ನೀರು ಹಾಕಿದ್ದು ಯಾರು? ಭಾವನೇ? ಅವರಿಗೆ ಮಗುವಿನ ಕತ್ತು ಹಿಡಿಯಲೂ ಬರುತ್ತಿರಲಿಲ್ಲ. ಅವಳು ನನ್ನ ತರಗತಿಗೆ ಬರುತ್ತಾಳೆಂದು ನಾನು ಹೊಸ ಅಂಗಿ ಹೊಲಿಸಿಕೊಂಡಿದ್ದೆ, ಬೇಕಾದರೆ ನಗು.

ಅವಳು ಬಂದ ವಾರವೇ ದೊಡ್ಡ ಮಿಸ್ ನನ್ನನ್ನು ಕರೆದು, ಇನ್ನು ಮೇಲೆ ನಿಮ್ಮ ಕೋಣೆಯ ಬಾಗಿಲು ಸದಾ ತೆರೆದಿರಲಿ, ಮಕ್ಕಳು ಮಲಗಿದಾಗಲೂ ಎಂದರು. ನಮ್ಮ ಶಾಲೆಯಲ್ಲಿ ಪ್ರತಿ ಬಾಗಿಲಿಗೂ ಮಕ್ಕಳ ಕೈಗೆ ಎಟುಕದಷ್ಟು ಮೇಲೆ, ಒಳಗೂ ಹೊರಗೂ ಹಾಕಬಹುದಾದ ಚಿಲಕವಿದೆ. ಊಟವಾಗಿ ಮಕ್ಕಳು ಚಾಪೆಯ ಮೇಲೆ ಮಲಗಿದ ಮೇಲೆ ಅದನ್ನು ಹಾಕಬೇಕು, ಏಕೆಂದರೆ ನಿದ್ದೆಗಣ್ಣಿನಲ್ಲಿ ಎದ್ದ ಮಗು ಎತ್ತ ಬೇಕಾದರೂ ಹೋಗುತ್ತದೆ. ನಾನು ಅದನ್ನೇ ಹೇಳಿದೆ, ಹಾಗಾದರೆ ಮಗು ಹೊರಗೆ ಹೋದರೆ ಎಂದು ಕೇಳಿದೆ. ನೀವಿರುತ್ತೀರಲ್ಲ, ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳಿ ಎಂದರು. ಗಂಡಸರಿಗೆಂದು ಮಾಡಿದ ಇನ್ನೊಂದು ಕಟ್ಟಳೆ ಇರಬೇಕು ಎಂದುಕೊಂಡು ಸುಮ್ಮನಾದೆ. ಅವತ್ತಿನಿಂದ ಸಾಲಿನಲ್ಲಿರುವ ಎಲ್ಲ ಬಾಗಿಲುಗಳೂ ಮುಚ್ಚಿರುತ್ತಿದ್ದವು, ನನ್ನದೊಂದು ಬಾಯಿ ತೆರೆದುಕೊಂಡಿರುತ್ತಿತ್ತು.

ಹೋದ ಶುಕ್ರವಾರ ಏನಾಯಿತೆಂದು ನೀನು ಹತ್ತು ಬಾಯಿಂದ ಕೇಳಿದ್ದೀಯ, ನನ್ನ ಬಾಯಿಂದ ಕೇಳಿಲ್ಲ. ನನ್ನ ಜೊತೆಯ ಸಹಾಯಕಿ ರಜೆ ಹಾಕಿದ್ದಳು. ಮಕ್ಕಳೆಲ್ಲ ಮಲಗಿದ್ದರು. ಕಿಟಕಿ ಪಕ್ಕದ ಹುಡುಗ ಒದ್ದೆ ಮಾಡಿಕೊಂಡು ಎದ್ದು ಕೂತು ನಡುಗತೊಡಗಿದ. ಒಣ ಚಡ್ಡಿ ಅಲ್ಲೇ ಅವನ ಚೀಲದಲ್ಲಿತ್ತು, ನನ್ನ ಕೈಗೆ ಎಟುಕುವಷ್ಟು ಹತ್ತಿರ. ಬದಲಿಸಿ ಮಲಗಿಸುವುದು ಎಷ್ಟು ಹೊತ್ತಿನ ಕೆಲಸ? ಆದರೆ ನಾನು ಮುಟ್ಟುವ ಹಾಗಿಲ್ಲ. ಆಯಾ ಅಡುಗೆಕೋಣೆಯಲ್ಲಿ ತಟ್ಟೆ ತೊಳೆಯುತ್ತಿದ್ದಳು, ನೀರಿನ ಸದ್ದಿಗೆ ನನ್ನ ಕೂಗು ಅವಳಿಗೆ ಕೇಳಿಸಲಿಲ್ಲ. ಹಜಾರದ ತಿರುವಿನ ತನಕ ಹೋಗಿ ಕರೆದೆ. ಅವಳು ಕೈ ಒರೆಸಿಕೊಂಡು ಬಂದಳು. ಒಳಗೆ ಬಂದು ನೋಡಿದರೆ ಕಾಳುವಿನ ಚಾಪೆ ಖಾಲಿ.

ಬೀರುವಿನ ಹಿಂದೆ ನೋಡಿದೆ, ಬಚ್ಚಲಿಗೆ ಓಡಿದೆ, ಆಟದ ಅಂಗಳಕ್ಕೆ ಓಡಿದೆ. ನೀರಿನ ಕ್ಯಾನ್ ತಂದ ಗಾಡಿಗೆಂದು ಕಾವಲುಗಾರ ಗೇಟು ತೆಗೆದು, ಗಾಡಿಯವನಿಗೆ ಕ್ಯಾನ್ ಇಳಿಸಿಕೊಡುತ್ತಿದ್ದ. ಅವಳು ಅವರಿಬ್ಬರ ಬೆನ್ನ ಹಿಂದೆಯೇ ರಸ್ತೆಗೆ ಹೋಗಿದ್ದಳು. ನಾನು ಅಲ್ಲಿಗೆ ಹೋಗುವಷ್ಟರಲ್ಲಿ ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ಅವಳನ್ನು ಎತ್ತಿಕೊಂಡಿದ್ದಳು. ಒಂದು ಗೀರೂ ಆಗಿರಲಿಲ್ಲ. ನನಗೆ ಜೀವ ಬಂತು.

ಸೋಮವಾರದ ಸಭೆಯಲ್ಲಿ ನೀನು ಮುಂದಿನ ಸಾಲಿನಲ್ಲಿ ಕೂತಿದ್ದೆ. ಮಕ್ಕಳ ಪುಟ್ಟ ಕುರ್ಚಿಗಳ ಮೇಲೆ ದೊಡ್ಡವರೆಲ್ಲ ಮಂಡಿ ಮಡಚಿ ಕೂತು ನನ್ನ ವಿಚಾರಣೆ ನಡೆಸಿದರು. ಕಿಟಕಿ ಪಕ್ಕದ ಹುಡುಗನ ಅಮ್ಮ ಎದ್ದು ನಿಂತು, “ಹೆಂಗಸರಾಗಿದ್ರೆ ಹೀಗಾಗ್ತಿರ್ಲಿಲ್ಲ ಬಿಡಿ. ಮಕ್ಕಳ ಮೇಲಿನ ಗಮನ ಅನ್ನೋದು ಹುಟ್ತಾನೇ ಬರ್ಬೇಕು” ಎಂದರು. ಅವರ ಮಗ ಚಳಿಗೆ ನಡುಗುತ್ತಿದ್ದನೆಂದೇ ನಾನು ಆಚೆ ಹೋದದ್ದು. ಆದರೂ ಅವರ ಮಾತಿಗೆ ಎಲ್ಲರೂ ಹೌದೆಂದು ತಲೆಯಾಡಿಸಿದರು. ಹಿಂದಿನಿಂದ ಯಾರೋ ಒಬ್ಬರು, ಬಾಗಿಲಿಗೆ ಚಿಲಕ ಯಾಕೆ ಹಾಕಿರಲಿಲ್ಲ ಎಂದು ಕೇಳಿದರು. ಇಡೀ ಸಭೆಯಲ್ಲಿ ಬಂದ ಒಂದೇ ಒಂದು ನೆಟ್ಟಗಿನ ಪ್ರಶ್ನೆ. ಉತ್ತರ ಹೇಳಬೇಕಾದವರು ದೊಡ್ಡ ಮಿಸ್ ಎಂದು ನಾನು ಅವರ ಕಡೆ ನೋಡಿದೆ, ಅವರು ನಿನ್ನ ಕಡೆ ನೋಡಿದರು. ನೀನು ನಿನ್ನ ಕೈಚೀಲದ ಜಿಪ್ ಎಳೆದೆ, ಮತ್ತೆ ಮುಚ್ಚಿದೆ. ನನಗೆ ಆಗ ಏನೂ ಅರ್ಥವಾಗಲಿಲ್ಲ. ಪಾಪ, ಮಗಳ ವಿಷಯದಲ್ಲಿ ಇನ್ನೂ ಗಾಬರಿಯಲ್ಲಿದ್ದಾಳೆ ಎಂದು ನಿನ್ನ ಬಗ್ಗೆ ಮರುಗಿದೆನಲ್ಲ, ನನ್ನಂಥ ಪೆದ್ದ ಬೇರೆ ಇದ್ದಾನೆಯೇ?

ಸಭೆ ಮುಗಿದ ಮೇಲೆ ದೊಡ್ಡ ಮಿಸ್ ನನ್ನನ್ನು ಅವರ ಕೋಣೆಗೆ ಕರೆದರು. ಅವರೇನೂ ಕೆಟ್ಟವರಲ್ಲ, ಪುಕ್ಕಲು ಅಷ್ಟೆ. ಬಾಗಿಲಿನ ಮಾತು ಶಾಲೆಯದ್ದಲ್ಲ, ನಿಮ್ಮ ಅಕ್ಕನೇ ಬಂದು ಕೇಳಿಕೊಂಡದ್ದು, ಸ್ವಂತ ಅಕ್ಕನೇ ಕೇಳುವಾಗ ನಾನು ಹೇಗೆ ಆಗುವುದಿಲ್ಲ ಎನ್ನಲಿ ಎಂದರು. ನಾನು ನಗಾಡಿದೆ. ಸುಳ್ಳು ಎಂದುಕೊಂಡೆ. ಅವರು ನಗಲಿಲ್ಲ.

ಸಂಜೆ ಫೋನ್ ಮಾಡಿದರೆ ನೀನು ಇಲ್ಲವೆನ್ನಲೂ ಇಲ್ಲ. “ನಿನ್ ಮೇಲೆ ಅನುಮಾನ ಅಲ್ವೋ. ಬೇರೆ ಅಮ್ಮಂದಿರು ಏನೇನೋ ಮಾತಾಡ್ತಿದ್ರು. ಬಾಗ್ಲು ತೆಗ್ದಿದ್ರೆ ನಿನಗೇ ಒಳ್ಳೇದು ಅಂತ ಹೇಳ್ದೆ” ಎಂದೆ. ಆಮೇಲೆ ಅಳು. ಆಮೇಲೆ ಭಾವನ ಗಂಟಲು: “ಇಷ್ಟೆಲ್ಲ ಯಾಕೆ? ಗಂಡಸಿಗೆ ತಕ್ಕ ಕೆಲಸ ನೋಡ್ಕೋ, ಎಲ್ಲಾ ಸರಿಹೋಗತ್ತೆ.” ನಿನ್ನ ಗಂಡನಿಗೆ ಹೇಳು, ಬೆಳಗಿಂದ ಸಂಜೆಯ ತನಕ ಕುರ್ಚಿ ಬಿಸಿ ಮಾಡುವುದು ಗಂಡಸಿನ ಕೆಲಸವಾದರೆ ನನಗೆ ಅದು ಬೇಡ.

ನನಗೆ ಒಳ್ಳೆಯದಾಗಲಿ ಎಂದಿದ್ದರೆ ಮೊದಲು ನನಗೆ ಹೇಳಬೇಕಿತ್ತು. ಆ ಅಮ್ಮಂದಿರಿಗೆ ನೀನು ಏನು ಹೇಳಿದೆ? ಇವನು ನನ್ನ ತಮ್ಮ, ನನ್ನ ಮಗುವನ್ನು ಇವನೇ ಸಾಕಿದ್ದು ಎಂದೆಯಾ? ಒಂದು ಮಾತು ಸಾಕಿತ್ತು. ಅವರ ಬಾಯಿ ಮುಚ್ಚಿಸುವ ಬದಲು ನನ್ನ ಬಾಗಿಲು ತೆರೆಸಿದೆ. ನೀನು ಬಾಯಿ ಬಿಡದ್ದನ್ನು ನೋಡಿ, ಅಕ್ಕನಿಗೇ ನಂಬಿಕೆ ಇಲ್ಲ, ಇನ್ನು ನಮಗೇನು ಎಂದು ಅವರು ತಿಳಿದರೆ ಅದು ಅವರ ತಪ್ಪೇ?

ಇದೆಲ್ಲ ಆದ ಮೇಲೆ, ನಿನ್ನೆ ನಿನ್ನ ಮೆಸೇಜು. ಭಾನುವಾರ ನೀವಿಬ್ಬರೂ ಎಲ್ಲಿಗೋ ಹೋಗಬೇಕಂತೆ, ಕಾಳುವನ್ನು ನನ್ನ ಹತ್ತಿರ ಬಿಡಲೇ ಎಂದು. ಮೈಯೆಲ್ಲ ಉರಿದುಹೋಯಿತು. ನಿನ್ನ ಅನುಕೂಲಕ್ಕಾದರೆ ಇಡೀ ದಿನ ಒಂಟಿ ಮನೆಯಲ್ಲಿ, ಬಾಗಿಲು ಹಾಕಿಕೊಂಡು ನಾನು ಮಗುವನ್ನು ನೋಡಿಕೊಳ್ಳಬಹುದು. ಅದೇ ಮಗುವನ್ನು ತರಗತಿಯಲ್ಲಿ, ಇಪ್ಪತ್ತು ಮಕ್ಕಳ ನಡುವೆ ನೋಡಿಕೊಳ್ಳುವಾಗ ನನ್ನ ಮೇಲೆ ಬೀದಿಯ ಕಣ್ಣಿರಬೇಕು. ಮನೆಯಲ್ಲಿ ಮಾವ, ಶಾಲೆಯಲ್ಲಿ ಗಂಡಸು. ನಿನಗೆ ನಾಚಿಕೆ ಎಂಬುದಿದೆಯೇ ಅಕ್ಕ? ಎಷ್ಟು ಬೈದುಕೊಂಡೆನೋ ಗೊತ್ತಿಲ್ಲ, ಆಮೇಲೆ ಹೂಂ ಎಂದು ಉತ್ತರ ಕಳಿಸಿದೆ. ಆ ಸಿಟ್ಟೂ ನಿನ್ನ ಮೇಲೆಯೇ ಇದೆ.

ಸೋಮವಾರ ದೊಡ್ಡ ಮಿಸ್ ಕೋಣೆಯಿಂದ ಹೊರಬಂದಾಗ ಆ ಕಿಟಕಿ ಪಕ್ಕದ ಹುಡುಗನ ಅಮ್ಮ, ಉಳಿದವರೆಲ್ಲ ಇನ್ನೂ ಗೇಟಿನ ಹತ್ತಿರವೇ ಗುಂಪು ಕಟ್ಟಿದ್ದರು. ಹೋಗಿ ನಿನ್ನ ಹೆಸರು ಹೇಳಿಬಿಡಬಹುದಿತ್ತು. ಹೇಳಲಿಲ್ಲ. ನಾನು ಹೇಳಿದರೆ ತಪ್ಪಿಸಿಕೊಳ್ಳಲು ಅಕ್ಕನ ಮೇಲೆ ಹಾಕುತ್ತಾನೆ ಎನ್ನುತ್ತಾರೆ. ನೀನು ಹೇಳಿದರೆ ಮಾತ್ರ ಅದು ನಿಜವಾಗುತ್ತದೆ. ಚೆನ್ನಾಗಿ ನೆನಪಿಟ್ಟುಕೋ, ನನ್ನನ್ನು ಹೊಗಳು ಎಂದು ನಾನು ಕೇಳುತ್ತಿಲ್ಲ, ಕ್ಷಮೆಯೂ ಬೇಡ. ಬಾಗಿಲು ತೆರೆದಿಡಿ ಎಂದು ಕೇಳಿದ್ದು ನಾನು, ಅಷ್ಟು ಹೇಳಿ ಕೂತುಕೋ. ಭಾವ ಸಿಟ್ಟಾದರೆ ಆಗಲಿ.

ನಾನು ಅಲ್ಲಿಂದ ಹೋದರೆ ಆ ಶಾಲೆಗೆ ಇನ್ನೊಬ್ಬ ಗಂಡಸು ಕಾಲಿಡುವುದಿಲ್ಲ. ನನ್ನ ತರಗತಿಯ, ಅಪ್ಪನಿಲ್ಲದ ಅವಳಿ ಹುಡುಗರಿಬ್ಬರು ಬೆಳಿಗ್ಗೆ ಬಂದ ತಕ್ಷಣ ನನ್ನ ಚಪ್ಪಲಿಯೊಳಗೆ ಕಾಲಿಟ್ಟು ಕೋಣೆಯೆಲ್ಲ ಎಳೆದುಕೊಂಡು ಓಡಾಡುತ್ತಾರೆ. ಸೋಮವಾರದಿಂದ ಅವರು ಏನು ಮಾಡುತ್ತಿದ್ದಾರೋ. ಬೇರೆ ಕೆಲಸ ಸಿಗುತ್ತದೆ ಎಂದು ಯಾರೂ ನನಗೆ ಹೇಳಬೇಡಿ.

ಇಷ್ಟೆಲ್ಲ ಆದರೂ,
ನಿನ್ನ ತಮ್ಮ

ತಾ. ಕ.: ಕಾಗದ ಮಡಚಿ, ಮತ್ತೆ ಬಿಚ್ಚಿದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಸಭೆಯಲ್ಲಿ ಹೇಳಿದ್ದೂ ಅದೇ ಸುಳ್ಳು. ಆ ಹೆಂಗಸಿಗಿಂತ ಮೊದಲು ಕಾಳುವಿನ ಹತ್ತಿರ ಹೋದವನು ನಾನು. ಅವಳು ರಸ್ತೆಯ ಅಂಚಿನಲ್ಲಿ ನಿಂತಿದ್ದಳು. ನನ್ನನ್ನು ನೋಡಿ ಎರಡೂ ಕೈ ಎತ್ತಿದಳು. ಒಂದು ವ್ಯಾನ್ ಬರುತ್ತಿತ್ತು. ನಾನು ಎತ್ತಲಿಲ್ಲ ಅಕ್ಕ. ಎತ್ತಬಾರದೆಂದು ಯೋಚಿಸಲೂ ಇಲ್ಲ, ಕೈ ಮೇಲೇಳಲೇ ಇಲ್ಲ. ರಸ್ತೆಯಲ್ಲಿ ನಿಂತು ಆಯಾ, ಆಯಾ ಎಂದು ಕೂಗಿದೆ. ಆ ಹೆಂಗಸು ನನ್ನನ್ನು ತಳ್ಳಿಕೊಂಡು ಬಂದು ಅವಳನ್ನು ಬಾಚಿ ಎತ್ತಿಕೊಂಡಳು. “ಕೈ ಇಲ್ವೇನ್ರಿ ನಿಮ್ಗೆ?” ಎಂದು ಕೇಳಿದಳು. ಶನಿವಾರ ನೀನು ನಿನ್ನ ಮಾತು ಹೇಳಿದರೂ ಸರಿ, ಹೇಳದಿದ್ದರೂ ಸರಿ, ನಾನು ಇದನ್ನು ಹೇಳುತ್ತೇನೆ. ನನ್ನನ್ನು ಕಳಿಸುವುದೇ ಆದರೆ ಇದಕ್ಕೆ ಕಳಿಸಲಿ, ಗಂಡಸು ಎಂಬುದಕ್ಕಲ್ಲ.